ಮನೆಯ ನೀರಿನ ಪಿಎಚ್: ಕಲೆ, ರುಚಿ, ಬಿಳಿ ಪದರಗಳಿಂದ ದೋಷ ಗುರುತಿಸುವ ಕೈಪಿಡಿ

ನಲ್ಲಿಯ ಕೆಳಗೆ ಹಸಿರು ಕಲೆ ಮೂಡುವುದು, ಗೀಸರ್ ಬೇಗ ಕೆಡುವುದು, ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಬೇಯದಿರುವುದು, ಬೆಳಗಿನ ಮೊದಲ ಲೋಟದ ನೀರು ಕಹಿಯಾಗಿರುವುದು, ಇವೆಲ್ಲವನ್ನೂ ‘ನೀರಿನ ಪಿಎಚ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ರೂಢಿ ಈಗ ಬಂದಿದೆ. ಇವುಗಳಲ್ಲಿ ಕೆಲವಕ್ಕೆ ಮಾತ್ರ ಪಿಎಚ್ ನೇರ ಕಾರಣ. ಉಳಿದವಕ್ಕೆ ಗಡಸುತನವೋ, ಕಬ್ಬಿಣವೋ, ಹಳೆಯ ಕೊಳವೆಯೋ ಕಾರಣವಾಗಿರುತ್ತದೆ. ಕಾರಣ ತಿಳಿಯುವ ಮೊದಲೇ ಯಂತ್ರ ಕೂರಿಸಿದ ಮನೆಯಲ್ಲಿ ಹಣ ಖರ್ಚಾಗುತ್ತದೆ, ಕಲೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕಣ್ಣಿಗೆ, ನಾಲಿಗೆಗೆ, ಕೈಗೆ ಸಿಗುವ ಲಕ್ಷಣಗಳಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ದುಬಾರಿಯಾದವನ್ನು ಕೊನೆಗೆ ಇಟ್ಟುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕರ್ನಾಟಕದ ಮೂರು ಬಗೆಯ ನೀರನ್ನು, ಅಂದರೆ ಕರಾವಳಿ ಮತ್ತು ಮಲೆನಾಡಿನ ತೆರೆದ ಬಾವಿಯ ನೀರು, ಬಯಲುಸೀಮೆಯ ಕೊಳವೆಬಾವಿಯ ನೀರು, ನಗರದ ಸಂಪಿನಲ್ಲಿ ಬೆರೆಯುವ ನೀರು, ಇವನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡಿದೆ.

ಅಂಕಿ ಹೇಳುವುದೆಷ್ಟು, ಹೇಳದಿರುವುದೆಷ್ಟು

ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದನ್ನು ಪಿಎಚ್ 0ಯಿಂದ 14ರವರೆಗಿನ ಅಳತೆಯಲ್ಲಿ ತಿಳಿಸುತ್ತದೆ. 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ. ಈ ಅಳತೆಯ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು ಎಂಬುದನ್ನು ಮರೆಯಬಾರದು. ಪಿಎಚ್ 5 ಇರುವ ನೀರು 7 ಇರುವ ನೀರಿಗಿಂತ ನೂರು ಪಟ್ಟು ಹೆಚ್ಚು ಆಮ್ಲೀಯ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500, ಅದರ 2012ರ ಆವೃತ್ತಿಯಲ್ಲಿ, ಪಿಎಚ್ 6.5ರಿಂದ 8.5ರ ನಡುವೆ ಇರಬೇಕೆಂದು ಹೇಳುತ್ತದೆ. ಬೇರೆ ಜಲಮೂಲ ಇಲ್ಲದಿದ್ದಾಗ ಗಡಸುತನದಂಥ ಅಂಶಗಳಿಗೆ ಮಾನಕವು ರಿಯಾಯಿತಿ ಕೊಡುತ್ತದೆ, ಪಿಎಚ್‌ಗೆ ಮಾತ್ರ ಕೊಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಪಿಎಚ್‌ಗೆ ಆರೋಗ್ಯಾಧಾರಿತ ಮಿತಿಯನ್ನೇ ಗೊತ್ತುಪಡಿಸಿಲ್ಲ. ಮನೆಯ ನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಪಿಎಚ್ ನೇರವಾಗಿ ದೇಹಕ್ಕೆ ಮಾಡುವುದಕ್ಕಿಂತ ಪರೋಕ್ಷವಾಗಿ ಮಾಡುವ ಹಾನಿಯೇ ಹೆಚ್ಚು. ತಗ್ಗಿದ ಪಿಎಚ್ ಕೊಳವೆಯ ಲೋಹವನ್ನು ಕರಗಿಸಿ ಲೋಟಕ್ಕೆ ತರುತ್ತದೆ, ಏರಿದ ಪಿಎಚ್ ಕ್ಲೋರಿನ್ನಿನ ಬಲ ಕುಂದಿಸುತ್ತದೆ ಮತ್ತು ಬಿಳಿ ಪದರ ಕಟ್ಟಲು ದಾರಿ ಮಾಡುತ್ತದೆ.

ಪಿಎಚ್ ಸರಿಯಾಗಿದೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎಂದಾಗುವುದಿಲ್ಲ. ರೋಗಾಣು, ನೈಟ್ರೇಟ್, ಫ್ಲೋರೈಡ್ ಇವ್ಯಾವುದೂ ಆ ಅಂಕಿಯಲ್ಲಿ ಕಾಣಿಸುವುದಿಲ್ಲ. ಪಿಎಚ್ 7 ಇರುವ ನೀರಿನಲ್ಲಿಯೂ ಚರಂಡಿಯ ಕಲ್ಮಶ ಇರಬಹುದು.

ಅಳೆಯುವ ಬಗೆ, ಮತ್ತು ನಾಲ್ಕು ಕಡೆ ಅಳೆಯಬೇಕಾದ ಕಾರಣ

ಲಿಟ್ಮಸ್ ಕಾಗದ ಆಮ್ಲ, ಕ್ಷಾರ ಎಂಬಷ್ಟನ್ನೇ ತೋರಿಸುವುದರಿಂದ ಈ ಕೆಲಸಕ್ಕೆ ಸಾಲದು. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ನೋಡುವ ಪಿಎಚ್ ಕಾಗದ ಅಥವಾ ಮೀನಿನ ತೊಟ್ಟಿಗೆಂದು ಮಾರುವ ಹನಿ ದ್ರಾವಣ ಕಡಿಮೆ ಬೆಲೆಗೆ ಸಿಗುತ್ತದೆ, ಮೊದಲ ಹಂತಕ್ಕೆ ಅಷ್ಟು ಸಾಕು. ಪೆನ್ನಿನಾಕಾರದ ಡಿಜಿಟಲ್ ಮಾಪಕವನ್ನು ಕೊಳ್ಳುವುದಾದರೆ ಅದರ ಜೊತೆ ಬರುವ ಬಫರ್ ಪುಡಿಗಳಿಂದ (ನೀರಿನಲ್ಲಿ ಕರಗಿಸಿದಾಗ ಗೊತ್ತಾದ ಪಿಎಚ್ ಕೊಡುವ ಪುಡಿಗಳು) ಆಗಾಗ ಸರಿಹೊಂದಿಸಿಕೊಳ್ಳಬೇಕು ಮತ್ತು ಗಾಜಿನ ತುದಿ ಒಣಗದಂತೆ ನೋಡಿಕೊಳ್ಳಬೇಕು. ಒಣಗಿದ ತುದಿಯ ಮಾಪಕ ತಪ್ಪು ಅಂಕಿಯನ್ನು ಧೈರ್ಯವಾಗಿ ತೋರಿಸುತ್ತದೆ. ಅಡುಗೆಮನೆಯ ಅರಿಸಿನವೂ ಒಂದು ಸೂಚಕವೇ. ಸುಣ್ಣ ಬೆರೆತಾಗ ಅದು ಕುಂಕುಮದ ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಪಿಎಚ್ ಸುಮಾರು 8.5 ದಾಟಿದ ಮೇಲಷ್ಟೇ ಅದರ ಬಣ್ಣ ಸ್ಪಷ್ಟವಾಗಿ ಬದಲಾಗುವುದರಿಂದ, ಹೊಸ ಸಿಮೆಂಟ್ ತೊಟ್ಟಿಯ ನೀರನ್ನು ಗುರುತಿಸಲು ಅದು ನೆರವಾಗುತ್ತದೆಯೇ ಹೊರತು ಆಮ್ಲೀಯ ಬಾವಿನೀರನ್ನು ಗುರುತಿಸಲು ಆಗುವುದಿಲ್ಲ.

ಟಿಡಿಎಸ್ ಮಾಪಕ ಪಿಎಚ್ ಮಾಪಕವಲ್ಲ. ಅದು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ, ಆಮ್ಲೀಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮನೆಬಾಗಿಲಿಗೆ ಬಂದು ನೀರಿನೊಳಗೆ ಎರಡು ಲೋಹದ ಕಡ್ಡಿ ಇಳಿಸಿ, ವಿದ್ಯುತ್ ಹಾಯಿಸಿ, ನೀರು ಕಂದಾಗುವುದನ್ನು ತೋರಿಸಿ ಹೆದರಿಸುವ ಪ್ರದರ್ಶನವನ್ನು ನಂಬಬಾರದು. ಆ ಕಂದು ಬಣ್ಣ ಕರಗಿದ ಕಬ್ಬಿಣದ ಕಡ್ಡಿಯದು. ಲವಣ ಇರುವ ಒಳ್ಳೆಯ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು ಕಡ್ಡಿ ಬೇಗ ಕರಗುತ್ತದೆ, ಪೊರೆಯಲ್ಲಿ ಸೋಸಿ ಲವಣ ತೆಗೆದ ಆರ್‌ಒ ನೀರಿನಲ್ಲಿ ಕರಗುವುದಿಲ್ಲ, ಅಷ್ಟೇ.

ಎಲ್ಲ ದೋಷ ಪತ್ತೆಗೂ ತಳಹದಿಯಾದ ಕೆಲಸವೆಂದರೆ ನೀರು ಹರಿದು ಬರುವ ದಾರಿಯುದ್ದಕ್ಕೂ ಅಳೆಯುವುದು. ಬಾವಿ ಅಥವಾ ಬೀದಿಯ ಕೊಳಾಯಿಯಿಂದ ನೇರವಾಗಿ ಬರುವ ನೀರು, ನೆಲದಡಿಯ ಸಂಪು, ಮಾಳಿಗೆಯ ತೊಟ್ಟಿ, ಅಡುಗೆಮನೆಯ ನಲ್ಲಿ, ಶುದ್ಧೀಕರಣ ಯಂತ್ರವಿದ್ದರೆ ಅದರ ನೀರು, ಇಷ್ಟನ್ನೂ ಒಂದೇ ದಿನ ಅಳೆದು ಬರೆದಿಟ್ಟುಕೊಳ್ಳಬೇಕು. ಮೂಲದಲ್ಲೇ ಅಂಕಿ ತಪ್ಪಿದ್ದರೆ ನೆಲದ ಗುಣ ಕಾರಣ. ಸಂಪಿನಲ್ಲಿ ಏರಿದರೆ ಸಿಮೆಂಟ್ ಕಾರಣ. ಯಂತ್ರದ ಬಳಿಕ ಇಳಿದರೆ ಯಂತ್ರವೇ ಕಾರಣ. ಎಲ್ಲೆಡೆ ಅಂಕಿ ಒಂದೇ ಆಗಿದ್ದು ನಲ್ಲಿಯಲ್ಲಿ ಬಣ್ಣವೋ ಲೋಹದ ರುಚಿಯೋ ಕಂಡರೆ ಕೊಳವೆಯನ್ನು ಅನುಮಾನಿಸಬೇಕು. ನೀರನ್ನು ಆಗಷ್ಟೇ ಹಿಡಿದು ಅಳೆಯುವುದು ಮುಖ್ಯ. ಬಾವಿ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಅನಿಲ ಗಾಳಿಗೆ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಹೊರಹೋಗಿ, ಅಂಕಿ ತಾನಾಗಿ ಏರುತ್ತದೆ.

ಲಕ್ಷಣ: ನಲ್ಲಿಯ ಕೆಳಗೆ ನೀಲಿ-ಹಸಿರು ಕಲೆ, ಬೆಳಗಿನ ನೀರಿನಲ್ಲಿ ಲೋಹದ ಕಹಿ

ತಗ್ಗಿದ ಪಿಎಚ್‌ನ ಅತ್ಯಂತ ಸ್ಪಷ್ಟವಾದ ಗುರುತು ಇದು. ಆಮ್ಲೀಯ ನೀರು ತಾಮ್ರದ ಕೊಳವೆ, ಗೀಸರಿನ ತಾಮ್ರದ ಭಾಗ ಮತ್ತು ಹಿತ್ತಾಳೆಯ ನಲ್ಲಿಗಳಿಂದ ತಾಮ್ರವನ್ನು ಎಳೆದುಕೊಂಡು ಬಂದು, ಹನಿ ಬೀಳುವ ಜಾಗದಲ್ಲಿ ಬಿಟ್ಟುಹೋಗುತ್ತದೆ. ಹಂಡೆಯ ಕಂಠದಲ್ಲಿ ಕಟ್ಟುವ ಕಿಲುಬಿನ ಬಣ್ಣವೇ ಇಲ್ಲಿಯೂ ಕಾಣುತ್ತದೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಮುರಕಲ್ಲಿನ ನೆಲದ ಬಾವಿಗಳಲ್ಲಿ ಆಮ್ಲೀಯ ನೀರು ಸಾಮಾನ್ಯ. ಶತಮಾನಗಳ ಭಾರೀ ಮಳೆ ಆ ನೆಲದ ಸುಣ್ಣದಂಶವನ್ನೆಲ್ಲ ತೊಳೆದುಬಿಟ್ಟಿದೆ. ಮಳೆನೀರು ಸಹಜವಾಗಿಯೇ ಸ್ವಲ್ಪ ಆಮ್ಲೀಯವಾಗಿದ್ದು, ಬೇರು ಮತ್ತು ಕೊಳೆತ ಎಲೆಗಳಿಂದ ಹೊರಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತಷ್ಟು ಆಮ್ಲೀಯವಾಗಿ ಕೆಳಗಿಳಿಯುತ್ತದೆ, ಅದನ್ನು ತಟಸ್ಥಗೊಳಿಸುವ ಸುಣ್ಣ ದಾರಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಪಿಎಚ್ 6ಕ್ಕಿಂತ ಕೆಳಗಿರುವ ಬಾವಿಗಳು ಅಲ್ಲಿ ಅಪರೂಪವಲ್ಲ. ಇಂಥ ನೀರು ತಿಳಿಯಾಗಿ, ಮೆದುವಾಗಿ, ಬಾಯಿಗೆ ಹಿತವಾಗಿ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ದೋಷ ಬಯಲಾಗುವುದು ಆ ನೀರನ್ನು ಲೋಹದ ಕೊಳವೆಗೆ ಬಿಟ್ಟ ಮೇಲೆ.

ಖರ್ಚಿಲ್ಲದ ಪರೀಕ್ಷೆ ಹೀಗಿದೆ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಒಂದು ಗಾಜಿನ ಲೋಟ ನೀರು ಹಿಡಿಯಿರಿ. ನಂತರ ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಂಡು, ಎರಡನೆಯ ಲೋಟ ತುಂಬಿಸಿ. ಮೊದಲ ಲೋಟದಲ್ಲಿ ಲೋಹದ ವಾಸನೆ ಅಥವಾ ನೀಲಿ ಛಾಯೆ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ, ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಲೋಹವನ್ನು ಕರಗಿಸಿಕೊಂಡಿದೆ ಎಂದರ್ಥ. ಎರಡನ್ನೂ ಮೂಸಿ ನೋಡಿದರೆ, ಬಿಳಿ ಕಾಗದದ ಮುಂದೆ ಹಿಡಿದು ನೋಡಿದರೆ ಸಾಕು. ಅನುಮಾನ ಬಂದ ನೀರನ್ನು ನುಂಗಬಾರದು.

ಪಿಎಚ್ 6.5ಕ್ಕಿಂತ ಕೆಳಗಿದೆ ಎಂದು ಖಚಿತವಾದರೆ, ಪರಿಹಾರ ಸಿಗುವವರೆಗೆ ಕುಡಿಯಲು ಮತ್ತು ಅಡುಗೆಗೆ ಬಾವಿಯಿಂದ ನೇರವಾಗಿ ಸೇದಿದ ನೀರನ್ನಾಗಲಿ, ಚೆನ್ನಾಗಿ ಹರಿಯಬಿಟ್ಟ ತಣ್ಣೀರನ್ನಾಗಲಿ ಬಳಸಬೇಕು. ಗೀಸರಿನ ಬಿಸಿನೀರನ್ನು ಅಡುಗೆಗೆ ಬಳಸಲೇಬಾರದು. ಎಳೆಯ ಮಗುವಿನ ಹಾಲಿನ ಪುಡಿ ಕಲಸಲು ಬೆಳಗಿನ ಮೊದಲ ನೀರನ್ನು ಮುಟ್ಟಬಾರದು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಮಾನಕ ಹೇಳುತ್ತದೆ. ಅತಿಯಾದ ತಾಮ್ರ ವಾಕರಿಕೆ, ವಾಂತಿ, ಹೊಟ್ಟೆನೋವು ತರುತ್ತದೆ. ಹಳೆಯ ಹಿತ್ತಾಳೆ ಮತ್ತು ಬೆಸುಗೆಯಲ್ಲಿ ಸೀಸವೂ ಇರಬಹುದಾದ್ದರಿಂದ ಪ್ರಯೋಗಾಲಯದ ಪರೀಕ್ಷೆಯಲ್ಲಿ ತಾಮ್ರ, ಸೀಸ ಎರಡನ್ನೂ ಕೇಳಿ ಮಾಡಿಸಬೇಕು. ಸೀಸಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ರೂಢಿ ಇರುವ ಮನೆಗಳಲ್ಲಿ ಮೊದಲು ನೀರಿನ ಪಿಎಚ್ ತಿಳಿದುಕೊಳ್ಳುವುದು ಒಳಿತು. ಆಮ್ಲೀಯ ನೀರನ್ನೋ ನಿಂಬೆ ಹಿಂಡಿದ ನೀರನ್ನೋ ತಾಮ್ರದಲ್ಲಿ ಇಡಬಾರದು.

ಶಾಶ್ವತ ಪರಿಹಾರಗಳಲ್ಲಿ ಅಗ್ಗವಾದದ್ದು ಗಾಳಿಯಾಡಿಸುವುದು. ಮಾಳಿಗೆಯ ತೊಟ್ಟಿಗೆ ನೀರು ಜಾಲರಿಯ ಮೂಲಕ ಚದುರಿ ಬೀಳುವಂತೆ ಮಾಡಿದರೆ ಕರಗಿದ ಅನಿಲದ ಒಂದು ಭಾಗ ಹೊರಹೋಗಿ ಪಿಎಚ್ ಸ್ವಲ್ಪ ಏರುತ್ತದೆ. ಅದು ಸಾಲದಿದ್ದರೆ ಸುಣ್ಣಕಲ್ಲಿನ ಅಥವಾ ಅಮೃತಶಿಲೆಯ ಹರಳುಗಳನ್ನು ತುಂಬಿದ ಸೋಸುಗವನ್ನು ಕೂರಿಸಬಹುದು. ನೀರು ತಟಸ್ಥತೆಯ ಸಮೀಪಕ್ಕೆ ಬಂದಂತೆ ಕಲ್ಲು ಕರಗುವುದು ತಾನಾಗಿ ನಿಧಾನಗೊಳ್ಳುವುದರಿಂದ ಅತಿಯಾಗುವ ಭಯ ಇದರಲ್ಲಿ ಕಡಿಮೆ. ಹರಳು ಸವೆದಂತೆ ತುಂಬಿಸಬೇಕು, ಗಡಸುತನ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಇದಕ್ಕೆ ಬದಲಾಗಿ ಅಂದಾಜಿನ ಮೇಲೆ ಸುಟ್ಟ ಸುಣ್ಣವನ್ನು ಬಾವಿಗೆ ಸುರಿಯುವುದು ಅಪಾಯಕರ. ಸುಣ್ಣದ ತಿಳಿಯ ಪಿಎಚ್ 12ರ ಮೇಲಿರುತ್ತದೆ, ಕೈತಪ್ಪಿ ಹೆಚ್ಚಾದರೆ ಚರ್ಮ ಮತ್ತು ಕಣ್ಣು ಉರಿಯುವಷ್ಟು ಕ್ಷಾರ ಬಾವಿಯಲ್ಲೇ ನಿಲ್ಲುತ್ತದೆ. ಕೊಳವೆಯನ್ನು ಬದಲಿಸುವ ಸಂದರ್ಭ ಬಂದರೆ ಆಮ್ಲೀಯ ನೀರಿಗೆ ಕುಡಿಯುವ ನೀರಿನ ದರ್ಜೆಯ ಪ್ಲಾಸ್ಟಿಕ್ ಕೊಳವೆಯೇ ಉತ್ತಮ ಆಯ್ಕೆ.

ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ನೀರಿನ ಗುಣದ ಮಾತಲ್ಲ. ತಕ್ಷಣ ಮುಖ್ಯ ಸ್ವಿಚ್ ಆರಿಸಿ ವಿದ್ಯುತ್ ಕೆಲಸದವರನ್ನು ಕರೆಸಬೇಕು.

ಲಕ್ಷಣ: ಕೆಂಪು ಅಥವಾ ಕಂದು ನೀರು, ಬಟ್ಟೆಯ ಮೇಲೆ ತುಕ್ಕಿನ ಕಲೆ

ಇಲ್ಲಿ ಕಬ್ಬಿಣ ಕಾರಣ ಎಂಬುದು ನಿಸ್ಸಂಶಯ, ಅದು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಬೆಳಗಿನ ಮೊದಲ ನೀರು ಕೆಂಪಾಗಿದ್ದು ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆ ಒಳಗಿನಿಂದ ತುಕ್ಕು ಹಿಡಿದಿದೆ, ಪಿಎಚ್ ತಗ್ಗಿದ್ದರೆ ಆ ಸವೆತ ವೇಗವಾಗಿರುತ್ತದೆ. ಸೇದುವಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ನಿಂತ ಮೇಲೆ ಕೆಂಪಗಾಗಿ, ತಳದಲ್ಲಿ ಗಸಿ ಕಟ್ಟಿ, ಮೇಲೆ ತೆಳುವಾದ ಕೆನೆ ಮೂಡಿದರೆ ಕಬ್ಬಿಣ ನೆಲದಿಂದಲೇ ಕರಗಿ ಬರುತ್ತಿದೆ. ಗಾಳಿ ತಾಗಿದಾಗ ಅದು ಕರಗದ ರೂಪಕ್ಕೆ ತಿರುಗುತ್ತದೆ. ಪೇರಲೆಯ ಎಲೆಯನ್ನು ಜಜ್ಜಿ ಅಂಥ ನೀರಿಗೆ ಹಾಕಿದರೆ ನೀರು ನೇರಳೆಗಪ್ಪಾಗುತ್ತದೆ. ಚಹಾ ಮಸಿಯಂತಾಗುವುದಕ್ಕೂ ಇದೇ ಕಾರಣ, ಸೊಪ್ಪಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರುತ್ತದೆ.

ನೆಲದ ಕಬ್ಬಿಣಕ್ಕೆ ಗಾಳಿಯಾಡಿಸಿ, ನಿಲ್ಲಿಸಿ, ಮರಳಿನಲ್ಲಿ ಸೋಸುವುದು ಹಳೆಯ ಮತ್ತು ಒಳ್ಳೆಯ ಉಪಾಯ. ಆದರೆ ಪಿಎಚ್ 7ಕ್ಕಿಂತ ಕೆಳಗಿದ್ದಾಗ ಕಬ್ಬಿಣ ಗಾಳಿಯೊಡನೆ ವರ್ತಿಸುವುದು ಬಹಳ ನಿಧಾನ. ಆದ್ದರಿಂದ ಮೊದಲು ಪಿಎಚ್ ಏರಿಸಿ, ಆಮೇಲೆ ಕಬ್ಬಿಣದ ಸೋಸುಗವನ್ನು ಇಡಬೇಕು. ಈ ಕ್ರಮ ಹಿಂದುಮುಂದಾದರೆ ದುಬಾರಿ ಸೋಸುಗದಿಂದಲೂ ಕೆಂಪು ನೀರೇ ಬರುತ್ತದೆ.

ಲಕ್ಷಣ: ಬಿಳಿ ಪದರ, ನೊರೆ ಬಾರದ ಸಾಬೂನು, ಬೇಯದ ಬೇಳೆ

ಬಯಲುಸೀಮೆಯ ಕೊಳವೆಬಾವಿಯ ಮನೆಗಳಲ್ಲಿ ಹೆಚ್ಚು ಕೇಳಿಬರುವ ದೂರು ಇದು. ಇದರ ಮೂಲ ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಅವು ಪದರವಾಗಿ ಕಟ್ಟಲು ಏರಿದ ಪಿಎಚ್ ನೆರವಾಗುತ್ತದೆ, ಆದರೆ ಪಿಎಚ್ 7.2 ಇರುವ ನೀರಿನಲ್ಲೂ ಗೀಸರಿನ ಸುರುಳಿಯ ಮೇಲೆ ಸುಣ್ಣ ಕಟ್ಟಬಲ್ಲದು. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಆ ಜಾಗದಲ್ಲೇ ಏರುತ್ತದೆ, ಕರಗಿದ್ದ ಬೈಕಾರ್ಬೊನೇಟ್ ಸುಣ್ಣವಾಗಿ ಕೂರುತ್ತದೆ.

ಬೇಳೆಯ ಪರೀಕ್ಷೆ ಎಲ್ಲ ಅಡುಗೆಮನೆಗಳಲ್ಲೂ ಸಾಧ್ಯ. ಒಂದೇ ಡಬ್ಬಿಯ ತೊಗರಿಬೇಳೆಯನ್ನು ಎರಡು ಪಾತ್ರೆಗಳಲ್ಲಿ, ಒಂದಕ್ಕೆ ಮನೆಯ ನೀರು, ಇನ್ನೊಂದಕ್ಕೆ ಶುದ್ಧ ಮಳೆನೀರು ಅಥವಾ ಆರ್‌ಒ ನೀರು ಹಾಕಿ ಅಷ್ಟೇ ಹೊತ್ತು ಬೇಯಿಸಬೇಕು. ಎರಡೂ ಬೇಯದಿದ್ದರೆ ಬೇಳೆ ಹಳತು. ಮನೆಯ ನೀರಿನದು ಮಾತ್ರ ಕಾಳುಕಾಳಾಗಿ ಉಳಿದರೆ ನೀರು ಗಡಸು, ಏಕೆಂದರೆ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ. ಸಾಬೂನಿನ ಪರೀಕ್ಷೆಯೂ ಅಷ್ಟೇ ಸುಲಭ. ಬಾಟಲಿಯ ಅರ್ಧ ನೀರಿಗೆ ಸ್ನಾನದ ಸಾಬೂನಿನ ಚೂರು ಹಾಕಿ ಕುಲುಕಿದಾಗ ನೊರೆ ನಿಲ್ಲದೆ ಬಿಳಿ ಮಡ್ಡಿ ತೇಲಿದರೆ ಗಡಸುತನ ಖಚಿತ. ಬಟ್ಟೆ ಒಗೆಯುವ ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಅದನ್ನು ಇಲ್ಲಿ ಬಳಸಬಾರದು. ನಲ್ಲಿಯ ಮೇಲಿನ ಬಿಳಿ ಪದರಕ್ಕೆ ನಿಂಬೆರಸ ಹನಿಸಿದಾಗ ಬುರುಗು ಬಂದರೆ ಅದು ಸುಣ್ಣದ ಕಾರ್ಬೊನೇಟ್. ಬಾರದಿದ್ದರೆ ಸಿಲಿಕಾ ಅಥವಾ ಬೇರೆ ಲವಣ ಇರಬಹುದು, ಅದನ್ನು ತೆಗೆಯುವುದು ಕಷ್ಟ.

ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಮಾನಕಕ್ಕೆ ಒಪ್ಪಿಗೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶ. ಇಲ್ಲಿ ಪಿಎಚ್ ತಗ್ಗಿಸುವ ಉಪಕರಣ ಕೊಳ್ಳುವುದರಿಂದ ಪ್ರಯೋಜನವಿಲ್ಲ. ಸ್ನಾನ ಮತ್ತು ಬಟ್ಟೆಗೆ ಸಾಫ್ಟ್‌ನರ್ ನೆರವಾಗುತ್ತದೆ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಪಿಎಚ್ ಬದಲಿಸುವುದಿಲ್ಲ. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿರುವವರು ಆ ನೀರನ್ನು ಕುಡಿಯುವ ಮೊದಲು ಅವರನ್ನೇ ಕೇಳಬೇಕು. ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿಯೆಂದರೆ ಮಾಳಿಗೆಯ ಮಳೆನೀರನ್ನು ಸೋಸಿ ಹಿಡಿದಿಟ್ಟು ಕೊಳವೆಬಾವಿಯ ನೀರಿಗೆ ಬೆರೆಸುವುದು. ಬಯಲುಸೀಮೆಯ ಮನೆಗಳು ಇದನ್ನು ಇನ್ನೂ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೀಸರಿನ ಪದರವನ್ನು ತಾವೇ ಕೆರೆದು ತೆಗೆಯಲು ಹೋಗಬೇಡಿ. ಒಳಗಿನ ಸುರುಳಿಯ ಹೊರಕವಚ ಬಿರುಕು ಬಿಟ್ಟರೆ ವಿದ್ಯುತ್ ನೀರಿಗೆ ಇಳಿಯುತ್ತದೆ. ತಿಳಿದವರಿಂದ, ವಿದ್ಯುತ್ ಸಂಪೂರ್ಣ ಕಡಿದ ಮೇಲೆ, ಆ ಕೆಲಸ ಮಾಡಿಸಬೇಕು. ತುಕ್ಕುತಡೆಯ ಮೆಗ್ನೀಸಿಯಂ ಕಡ್ಡಿ ಸವೆದಿದೆಯೇ ಎಂದು ಆಗಲೇ ನೋಡಿಸಿಕೊಳ್ಳುವುದು ಲೇಸು.

ಲಕ್ಷಣ: ಸೋಡಾದಂಥ ರುಚಿ, ಕೈಗೆ ಜಾರುವ ನೀರು, ಆದರೆ ಬಿಳಿ ಪದರವಿಲ್ಲ

ಈ ಲಕ್ಷಣ ಸೌಮ್ಯವಾಗಿ ಕಾಣುತ್ತದೆ, ಆದರೆ ನನ್ನ ಮಟ್ಟಿಗೆ ಈ ಕೈಪಿಡಿಯಲ್ಲಿ ಅತ್ಯಂತ ಎಚ್ಚರಿಕೆಯಿಂದ ಓದಬೇಕಾದದ್ದು ಇದೇ. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೆಂದು ಕರಗುತ್ತದೆ, ಮೈ ತೊಳೆದರೂ ಜಾರಿದಂತೆ ಇರುತ್ತದೆ, ಗುಲಾಬಿ ಮತ್ತು ನಿಂಬೆ ಗಿಡಗಳ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತವೆ. ಇಂಥ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾಗಿದ್ದು, ಪಿಎಚ್ 8ರ ಮೇಲಿರುವ ಸಂಭವ ಹೆಚ್ಚು.

ಒಳನಾಡಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ನೀರು ಬಹುಕಾಲ ನಿಂತಾಗ ಶಿಲೆಯ ಖನಿಜಗಳು ಕರಗಿ ಬೈಕಾರ್ಬೊನೇಟ್ ಸೇರುತ್ತದೆ. ಕ್ಯಾಲ್ಸಿಯಂ ಸುಣ್ಣದ ಗರಸಾಗಿ ನೆಲದಲ್ಲೇ ಉಳಿದು, ಸೋಡಿಯಂ ನೀರಿನಲ್ಲಿ ಮಿಗುತ್ತದೆ. ಫ್ಲೋರೈಡನ್ನು ಹಿಡಿದಿಡುವುದೂ ಕ್ಯಾಲ್ಸಿಯಂ. ಅದು ಕಡಿಮೆಯಾದಲ್ಲಿ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಮೊದಲಾದ ಕಡೆಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಆದ್ದರಿಂದ ಈ ಭಾಗಗಳಲ್ಲಿ ಪಿಎಚ್ ಏರಿದ, ಮೆದುವಾದ ಕೊಳವೆಬಾವಿ ನೀರು ಕಂಡರೆ ಮನೆಯ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಫ್ಲೋರೈಡ್ ಪರೀಕ್ಷೆಗೆ ಕೊಡಬೇಕು. ಅಪೇಕ್ಷಿತ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಗರಿಷ್ಠ 1.5. ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಅಥವಾ ಕಂದು ಗೆರೆ, ಹಿರಿಯರಲ್ಲಿ ಕೀಲುಗಳ ಬಿಗಿತ ಇದ್ದರೆ ವೈದ್ಯರನ್ನೂ ಕಾಣಬೇಕು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನಿಂಬೆಯೋ ವಿನೆಗರೋ ಬೆರೆಸಿ ಪಿಎಚ್ ಇಳಿಸಿದರೂ ಫ್ಲೋರೈಡ್ ಅಲ್ಲೇ ಇರುತ್ತದೆ. ಆರ್‌ಒ ಅಥವಾ ಸಕ್ರಿಯ ಅಲ್ಯೂಮಿನಾ ಸೋಸುಗ ಅದನ್ನು ತಗ್ಗಿಸುತ್ತದೆ.

ಲಕ್ಷಣ: ಹೊಸ ಮನೆ, ಹೊಸ ಸಂಪು, ಸುಣ್ಣದ ವಾಸನೆ, ಕಣ್ಣುರಿ

ಬೀದಿಯ ನೀರಿನಲ್ಲಿ 7.5 ಇದ್ದ ಪಿಎಚ್ ಸಂಪಿನಲ್ಲಿ 10 ದಾಟಿದ್ದರೆ ಹೊಸ ಸಿಮೆಂಟಿನ ಸುಣ್ಣ ಕರಗುತ್ತಿದೆ. ಅರಿಸಿನದ ಪರೀಕ್ಷೆ ಫಲಿಸುವುದು ಇಲ್ಲಿಯೇ. ತೊಟ್ಟಿ ತುಂಬಿಸಿ, ಒಂದೆರಡು ದಿನ ನಿಲ್ಲಿಸಿ, ಖಾಲಿ ಮಾಡಿ, ಮತ್ತೆ ತುಂಬಿಸುವುದನ್ನು ಅಂಕಿ 8.5ರೊಳಗೆ ಇಳಿಯುವವರೆಗೆ ಮುಂದುವರಿಸಬೇಕು. ಅಲ್ಲಿಯವರೆಗೆ ಆ ನೀರನ್ನು ಕುಡಿಯಲೂ ಮಕ್ಕಳ ಸ್ನಾನಕ್ಕೂ ಬಳಸಬಾರದು. ವಾರಗಳು ಕಳೆದರೂ ಇಳಿಯದಿದ್ದರೆ ಒಳಗಿನ ಗಾರೆ ಸರಿಯಾಗಿ ಹದಗೊಂಡಿಲ್ಲ, ಕುಡಿಯುವ ನೀರಿಗೆ ಯೋಗ್ಯವಾದ ಲೇಪನದ ಬಗ್ಗೆ ಎಂಜಿನಿಯರನ್ನು ಕೇಳಬೇಕು. ಮುಚ್ಚಿದ ಸಂಪಿನೊಳಗೆ ಇಳಿಯುವ ಮಾತೇ ಬೇಡ. ಸಂಪು ಮತ್ತು ಹಾಳುಬಾವಿಗಳಲ್ಲಿ ಆಮ್ಲಜನಕ ಕಡಿಮೆಯಾಗಿ, ಇಳಿದವರೂ ಅವರನ್ನು ಕಾಪಾಡಲು ಹೋದವರೂ ಒಟ್ಟಿಗೆ ಸತ್ತ ದುರಂತಗಳು ಮರಳಿ ಮರಳಿ ನಡೆಯುತ್ತಿವೆ. ಗಾಳಿಯ ವ್ಯವಸ್ಥೆ ಮತ್ತು ಹಗ್ಗದ ರಕ್ಷಣೆ ಇರುವ ತರಬೇತಾದವರಿಗೇ ಆ ಕೆಲಸ ಒಪ್ಪಿಸಬೇಕು.

ಲಕ್ಷಣ: ಆರ್‌ಒ ನೀರಿನ ಪಿಎಚ್ 6ರ ಆಸುಪಾಸು

ಆರ್‌ಒ ಪೊರೆ ಬೈಕಾರ್ಬೊನೇಟನ್ನು ತಡೆಯುತ್ತದೆ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತಡೆಯಲಾರದು. ಹೀಗಾಗಿ ಹೊರಬರುವ ನೀರು ಒಳಹೋದ ನೀರಿಗಿಂತ ಆಮ್ಲೀಯವಾಗಿರುವುದು ಸಹಜ, ಯಂತ್ರ ಕೆಟ್ಟಿದೆ ಎಂದಲ್ಲ. ಲವಣ ಬಹಳ ಕಡಿಮೆ ಇರುವುದರಿಂದ ಮಾಪಕದ ಅಂಕಿಯೂ ನಿಲ್ಲದೆ ಅಲುಗಾಡುತ್ತದೆ. ಬೇರೆ ಎಲ್ಲವೂ ಸರಿಯಿದ್ದರೆ ಆ ನೀರಿನಿಂದ ಆರೋಗ್ಯಕ್ಕೆ ಭಯಪಡಬೇಕಾಗಿಲ್ಲ, ನಾವು ದಿನವೂ ಉಣ್ಣುವ ಸಾರು, ಮಜ್ಜಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಆಮ್ಲೀಯ. ಅದನ್ನು ತಾಮ್ರ, ಹಿತ್ತಾಳೆಗಳಲ್ಲಿ ತುಂಬಿಡದೆ ಸ್ಟೀಲು, ಗಾಜು ಅಥವಾ ಮಣ್ಣಿನ ಹೂಜಿಯಲ್ಲಿ ಇಟ್ಟರೆ ಸಾಕು. ಖನಿಜ ಸೇರಿಸುವ ಕಾರ್ಟ್ರಿಜ್ ಬೇಕಾದವರು ಹಾಕಿಸಿಕೊಳ್ಳಬಹುದು.

ದುಬಾರಿ ಕ್ಷಾರೀಯ ನೀರಿನ ಯಂತ್ರ ಇದಕ್ಕೆ ಬೇಕಿಲ್ಲ. ಜಠರದ ರಸದ ಪಿಎಚ್ ಸುಮಾರು 1.5ರಿಂದ 3.5, ರಕ್ತದ ಪಿಎಚ್ಚನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಹಿಡಿದಿಡುತ್ತವೆ. ಕುಡಿಯುವ ನೀರು ಅದನ್ನು ಕದಲಿಸುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಇಂಥ ಯಂತ್ರಗಳ ವಿಷಯದಲ್ಲಿ ವೈದ್ಯರ ಮಾತನ್ನೇ ಕೇಳಬೇಕು.

ಲಕ್ಷಣ: ಬ್ಲೀಚಿಂಗ್ ಪುಡಿ ಹಾಕಿದರೂ ನೀರು ಶುದ್ಧವಾಗದಿರುವುದು

ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ, ಒಂದು ರೋಗಾಣುಗಳನ್ನು ಬೇಗ ಕೊಲ್ಲುತ್ತದೆ, ಇನ್ನೊಂದು ಬಹಳ ನಿಧಾನ. ಪಿಎಚ್ 7.5ರಲ್ಲಿ ಇವು ಹೆಚ್ಚುಕಡಿಮೆ ಸಮಪಾಲು, 8.5ಕ್ಕೆ ಏರಿದಾಗ ಬಲವಾದ ರೂಪ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂಥ ನೀರಿನಲ್ಲಿ ಅರ್ಧ ಗಂಟೆಯ ಬದಲು ಹೆಚ್ಚು ಹೊತ್ತು ಬಿಡಬೇಕು ಮತ್ತು ಉಳಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ಎಂದು ಕಿಟ್‌ನಿಂದ ನೋಡಬೇಕು. ಕ್ಲೋರಿನ್ನಿನ ಬಲ ಹೆಚ್ಚಿಸಲೆಂದು ಆಮ್ಲ ಸೇರಿಸುವುದು ಪ್ರಾಣಾಪಾಯ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಸಿಡ್ಡಾಗಲಿ ವಿನೆಗರಾಗಲಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ತಪ್ಪಿ ಬೆರೆತು ಕೆಮ್ಮು, ಉಸಿರುಗಟ್ಟುವಿಕೆ ಶುರುವಾದರೆ ತಕ್ಷಣ ಬಯಲಿಗೆ ಬಂದು ಆಸ್ಪತ್ರೆಗೆ ಹೋಗಬೇಕು.

ಲಕ್ಷಣ: ಅಂಕಿ ಇದ್ದಕ್ಕಿದ್ದಂತೆ ಬದಲಾಗಿದೆ

ನೆಲದ ಗುಣದಿಂದ ಬರುವ ಪಿಎಚ್ ಮಳೆಗಾಲ, ಬೇಸಗೆಗಳ ನಡುವೆ ನಿಧಾನವಾಗಿ ಏರಿಳಿಯುತ್ತದೆ. ತಿಂಗಳುಗಟ್ಟಲೆ 7.4 ಇದ್ದದ್ದು ಒಂದೇ ವಾರದಲ್ಲಿ 6.3ಕ್ಕೆ ಇಳಿದರೆ ಅಥವಾ 9ಕ್ಕೆ ಏರಿದರೆ, ಮೊದಲು ಹೊಸ ಕಾಗದದಿಂದ ಮತ್ತೊಮ್ಮೆ ಅಳೆಯಿರಿ, ಟ್ಯಾಂಕರ್ ನೀರು ಬಂದಿತ್ತೇ, ತೊಟ್ಟಿ ತೊಳೆದಿದ್ದಾರೆಯೇ ಎಂದು ವಿಚಾರಿಸಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ ನೀರು, ಕೊಳವೆಬಾವಿ ನೀರು, ಟ್ಯಾಂಕರ್ ನೀರು ಒಂದೇ ಸಂಪಿನಲ್ಲಿ ಬೆರೆಯುವುದರಿಂದ ದಿನಕ್ಕೊಂದು ಅಂಕಿ ಬರುವುದುಂಟು. ಇವ್ಯಾವುದೂ ಕಾರಣವಾಗಿರದೆ, ಜೊತೆಗೆ ವಾಸನೆ, ಕದಡು, ನೊರೆ, ಅಥವಾ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಭೇದಿ ಕಂಡರೆ ಅಲ್ಲಿಗೆ ಹುಡುಕಾಟ ನಿಲ್ಲಿಸಿ. ಆ ನೀರನ್ನು ಕುಡಿಯುವುದನ್ನೂ ಹಲ್ಲುಜ್ಜಲು ಬಳಸುವುದನ್ನೂ ಬಿಟ್ಟು, ನೀರು ಸರಬರಾಜು ಮಾಡುವ ಸಂಸ್ಥೆಗೆ ತಿಳಿಸಿ. ರಾಸಾಯನಿಕದ ಅನುಮಾನ ಇದ್ದಾಗ ಕುದಿಸಿ ಕುಡಿಯುವುದು ಪರಿಹಾರವಾಗುವುದಿಲ್ಲ.

ಪ್ರಯೋಗಾಲಯಕ್ಕೆ ಕೊಡುವಾಗ

ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆಯಿದೆ, ಮೊದಲು ಅಲ್ಲಿ ಕೇಳಬಹುದು. ಜಿಲ್ಲಾ ಮಟ್ಟದ ಕುಡಿಯುವ ನೀರಿನ ಪ್ರಯೋಗಾಲಯ ಅಥವಾ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಪ್ರಯೋಗಾಲಯದಲ್ಲಿ ಮುಂದಿನ ಪರೀಕ್ಷೆ ಮಾಡಿಸಬಹುದು. ಪಿಎಚ್ ಒಂದನ್ನೇ ಕೇಳದೆ ಕ್ಷಾರತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ), ಗಡಸುತನ, ಟಿಡಿಎಸ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಕೇಳಬೇಕು, ಹಸಿರು ಕಲೆ ಇದ್ದರೆ ತಾಮ್ರ ಮತ್ತು ಸೀಸ ಸೇರಿಸಬೇಕು. ಪಿಎಚ್ ಮತ್ತು ಕ್ಷಾರತೆ ಒಟ್ಟಿಗೆ ತಿಳಿದಾಗಲೇ ನೀರು ಕೊಳವೆಯನ್ನು ಕೊರೆಯುತ್ತದೆಯೋ, ಪದರ ಕಟ್ಟುತ್ತದೆಯೋ ಎಂದು ಅಂದಾಜಿಸಲು ಸಾಧ್ಯ. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿಗೆ ಜಾಗ ಉಳಿಯದಂತೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಅದೇ ದಿನ ತಲುಪಿಸಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ತೊಳೆಯಬಾರದು. ಮೂಲದ ನೀರು ಮತ್ತು ಬೆಳಗಿನ ಮೊದಲ ನಲ್ಲಿ ನೀರು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟು, ಹಿಡಿದ ಜಾಗ, ದಿನಾಂಕ, ಹೊತ್ತು ಮತ್ತು ಮನೆಯಲ್ಲಿ ಅಳೆದ ಪಿಎಚ್ಚನ್ನು ಚೀಟಿಯ ಮೇಲೆ ಬರೆಯಬೇಕು. ಸೋಸುಗ ಕೂರಿಸಿದ ಮೇಲೆ ಅದೇ ಜಾಗಗಳಿಂದ ಮತ್ತೊಮ್ಮೆ, ಬಾವಿ ನೀರಾದರೆ ಮಳೆಗಾಲದ ಮೊದಲು ಒಮ್ಮೆ ಮತ್ತು ನಂತರ ಒಮ್ಮೆ ಪರೀಕ್ಷಿಸಿ, ಹಳೆಯ ವರದಿಗಳ ಜೊತೆಗಿಟ್ಟು ಹೋಲಿಸಿ ನೋಡಬೇಕು.